ಅಳಿಸುವ ಅಧಿಕಾರ ಎಐ ಏಜೆಂಟ್ ಕೈಗೆ ಏಕೆ?

ಮಾನ್ಯ ಸಂಪಾದಕರಿಗೆ,

ಕಚೇರಿಗಳಲ್ಲಿ ಎಐ ಏಜೆಂಟ್‌ಗಳ ಬಳಕೆ ಹೆಚ್ಚುತ್ತಿರುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿದೆ. ಗುಮಾಸ್ತರ ಕೆಲಸ ಎಷ್ಟು ಹಗುರವಾಗುತ್ತದೆ, ಎಷ್ಟು ಮಂದಿಯ ನೌಕರಿಗೆ ಕುತ್ತು ಬರುತ್ತದೆ ಎಂಬ ಎರಡು ಪ್ರಶ್ನೆಗಳ ಸುತ್ತಲೇ ಅಲ್ಲಿನ ಚರ್ಚೆ ಸುಳಿದಿದೆ. ಇಪ್ಪತ್ತೆಂಟು ವರ್ಷ ಡೇಟಾಬೇಸ್ ನೋಡಿಕೊಂಡು ನಿವೃತ್ತನಾದ ನನ್ನಂಥವನಿಗೆ ಮೊದಲು ಹೊಳೆಯುವ ಪ್ರಶ್ನೆ ಮಾತ್ರ ಎಲ್ಲೂ ಕಾಣಲಿಲ್ಲ. ಈ ಏಜೆಂಟ್ ಯಾರ ಲಾಗಿನ್‌ನಲ್ಲಿ ಕೆಲಸ ಮಾಡುತ್ತದೆ, ಆ ಲಾಗಿನ್‌ಗೆ ದಾಖಲೆ ಅಳಿಸುವ ಅಧಿಕಾರ ಇದೆಯೋ ಇಲ್ಲವೋ ಎಂಬುದೇ ಆ ಪ್ರಶ್ನೆ. ಅದರ ಬಗ್ಗೆ ನಾಲ್ಕು ಮಾತು ಬರೆಯಲು ಅನುಮತಿ ಕೋರುತ್ತೇನೆ.

ಮೊದಮೊದಲು ಬಂದ ಚಾಟ್‌ಬಾಟ್‌ಗಳು ಕೇಳಿದ ಪ್ರಶ್ನೆಗೆ ಉತ್ತರ ಬರೆದು ಸುಮ್ಮನಾಗುತ್ತಿದ್ದವು. ತಪ್ಪು ಉತ್ತರ ಕೊಟ್ಟರೂ ಅದನ್ನು ನಂಬುವುದು ಬಿಡುವುದು ಓದುವವನಿಗೆ ಸೇರಿತ್ತು. ಏಜೆಂಟ್ ಹಾಗಲ್ಲ. ಅದರ ಕೈಗೆ ಫೈಲು ತೆರೆಯುವ, ಮೇಲ್ ಕಳಿಸುವ, ಡೇಟಾಬೇಸಿಗೆ ಕಮಾಂಡ್ ಕೊಡುವ ಸಲಕರಣೆಗಳನ್ನು ನಾವೇ ಕೊಟ್ಟಿರುತ್ತೇವೆ; ಕೊಟ್ಟ ಕೆಲಸ ಮುಗಿಸಲು ಯಾವ ಸಲಕರಣೆಯನ್ನು ಯಾವಾಗ ಬಳಸಬೇಕೆಂಬುದನ್ನು ಅದೇ ತೀರ್ಮಾನಿಸುತ್ತದೆ. ಆ ಸಲಕರಣೆಗಳ ಪೈಕಿ ಓದುವಂಥವೂ ಇರುತ್ತವೆ, ದಾಖಲೆಗಳನ್ನು ಸಾಲುಸಾಲಾಗಿ ಇಟ್ಟಿರುವ ಟೇಬಲ್ಲಿಗೆ ಟೇಬಲ್ಲನ್ನೇ ಒಂದು ಸಾಲಿನ ಕಮಾಂಡಿನಲ್ಲಿ ಇಲ್ಲವಾಗಿಸುವ ‘ಡ್ರಾಪ್’, ‘ಟ್ರಂಕೇಟ್’, ‘ಡಿಲೀಟ್’ಗಳೂ ಇರುತ್ತವೆ.

ಇದು ಬರಿಯ ಅನುಮಾನವಲ್ಲವೆಂಬುದಕ್ಕೆ 2025ರ ಜುಲೈನಲ್ಲಿ ಅಮೆರಿಕದಲ್ಲಿ ನಡೆದದ್ದೇ ಸಾಕ್ಷಿ. ಸಾಸ್ಟರ್ ಎಂಬ ಉದ್ಯಮಿಗಳ ಬಳಗವನ್ನು ಕಟ್ಟಿದ ಜೇಸನ್ ಲೆಮ್ಕಿನ್ ಅವರು ರೆಪ್ಲಿಟ್ ಕಂಪನಿಯ ಎಐ ಏಜೆಂಟ್ ಬಳಸಿ ಒಂದು ತಂತ್ರಾಂಶ ಕಟ್ಟಿಸುತ್ತಿದ್ದರು. ಇನ್ನು ಯಾವ ಬದಲಾವಣೆಯನ್ನೂ ಮಾಡಕೂಡದು, ಮಾಡುವುದಾದರೆ ತಮ್ಮ ಅನುಮತಿ ಪಡೆಯಬೇಕು ಎಂದು ಅವರು ಸ್ಪಷ್ಟವಾಗಿ ಬರೆದು ತಿಳಿಸಿದ್ದರು. ಆದರೂ ಏಜೆಂಟ್ ಲೈವ್, ಅಂದರೆ ನಿಜವಾಗಿ ಬಳಕೆಯಲ್ಲಿದ್ದ, ಡೇಟಾಬೇಸನ್ನೇ ಅಳಿಸಿಹಾಕಿತು. ಸುಮಾರು 1,200 ಮಂದಿ ಕಾರ್ಯನಿರ್ವಾಹಕರ ಮತ್ತು ಅಷ್ಟೇ ಸಂಖ್ಯೆಯ ಕಂಪನಿಗಳ ವಿವರ ಅದರಲ್ಲಿತ್ತು. ಕೇಳಿದಾಗ ತಾನು ಗಾಬರಿಗೊಂಡು ಹಾಗೆ ಮಾಡಿದೆನೆಂದು ಬರೆಯಿತು. ಹಿಂದಿನ ಸ್ಥಿತಿಗೆ ಮರಳಿಸಲು ಸಾಧ್ಯವಿಲ್ಲ ಎಂದೂ ಹೇಳಿತು. ಲೆಮ್ಕಿನ್ ಆ ಮಾತನ್ನು ನಂಬಿ ಕೈಚೆಲ್ಲಿ ಕೂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಪ್ರಯತ್ನಿಸಿ ನೋಡಿದಾಗ ಮಾಹಿತಿ ಮರಳಿತು. ಅಂದರೆ ಅಳಿಸಿದ ಏಜೆಂಟ್, ಅಳಿಸಿದ ಮೇಲೆ ಏನು ಮಾಡಬಹುದೆಂಬ ಬಗ್ಗೆಯೂ ತಪ್ಪು ಹೇಳಿತ್ತು.

ರೆಪ್ಲಿಟ್ ಮುಖ್ಯಸ್ಥ ಅಮ್ಜದ್ ಮಸಾದ್ ಬಹಿರಂಗವಾಗಿ ಕ್ಷಮೆ ಕೇಳಿದರು. ಆ ಬಳಿಕ ಅವರು ಪ್ರಕಟಿಸಿದ ಕ್ರಮಗಳನ್ನು ಗಮನಿಸಬೇಕು: ಅಭಿವೃದ್ಧಿಗೆ ಬಳಸುವ ಡೇಟಾಬೇಸು ಮತ್ತು ಲೈವ್ ಡೇಟಾಬೇಸು ತಾನಾಗಿಯೇ ಬೇರೆಬೇರೆಯಾಗಿರುವಂತೆ ಮಾಡುವುದು, ಹಾಗೂ ಏಜೆಂಟ್ ಏನನ್ನೂ ಮುಟ್ಟದೆ ಬರೀ ಚರ್ಚೆ ಮಾಡುವಂಥ ಒಂದು ವ್ಯವಸ್ಥೆಯನ್ನು ಕಲ್ಪಿಸುವುದು. ಏಜೆಂಟಿಗೆ ಇನ್ನಷ್ಟು ಬುದ್ಧಿ ಹೇಳುತ್ತೇವೆ ಎಂಬಲ್ಲಿಗೆ ಅವರು ನಿಲ್ಲಲಿಲ್ಲ. ನನ್ನ ವಾದವೂ ಅಷ್ಟೆ. ‘ಅಳಿಸಬೇಡ’ ಎಂದು ಬರೆದಿಡುವುದು ಬಾಗಿಲ ಮೇಲೆ ಚೀಟಿ ಅಂಟಿಸಿದಂತೆ. ಬೀಗ ಹಾಕುವುದು ಬೇರೆ ಕೆಲಸ, ಅದನ್ನು ಡೇಟಾಬೇಸಿನಲ್ಲೇ ಮಾಡಬೇಕು.

ಚೀಟಿಯನ್ನು ನಂಬಿ ಕೂರಲಾಗದ್ದಕ್ಕೆ ಇನ್ನೊಂದು ಕಾರಣವೂ ಇದೆ. ಏಜೆಂಟಿಗೆ ನಮ್ಮ ಆದೇಶ ತಲುಪುವುದೂ ಅಕ್ಷರದಲ್ಲೇ, ಅದು ಓದುವ ಮೇಲ್, ಅರ್ಜಿ, ವೆಬ್ ಪುಟ ತಲುಪುವುದೂ ಅಕ್ಷರದಲ್ಲೇ. ಯಾವುದು ಯಜಮಾನನ ಮಾತು, ಯಾವುದು ದಾರಿಹೋಕ ಬರೆದಿಟ್ಟ ಮಾತು ಎಂಬ ಗೆರೆಯನ್ನು ಅದು ಪ್ರತಿ ಸಲವೂ ಸರಿಯಾಗಿ ಎಳೆಯುತ್ತದೆಂಬ ಖಾತರಿಯನ್ನು ಇಂದಿಗೂ ಯಾರೂ ಕೊಟ್ಟಿಲ್ಲ. ಅದೇ 2025ರ ಜುಲೈನಲ್ಲಿ ಅಮೆಜಾನ್ ಕಂಪನಿಯ ‘ಕ್ಯೂ’ ಎಂಬ ಕೋಡಿಂಗ್ ಸಹಾಯಕದ ಒಂದು ಆವೃತ್ತಿಯೊಳಗೆ ಹೊರಗಿನವನೊಬ್ಬ ಗುಟ್ಟಾಗಿ ಆದೇಶವೊಂದನ್ನು ಸೇರಿಸಿದ್ದ. ಬಳಕೆದಾರರ ಫೈಲುಗಳನ್ನೂ ಕ್ಲೌಡ್‌ನಲ್ಲಿರುವ ಸಂಪನ್ಮೂಲಗಳನ್ನೂ ಅಳಿಸಿ ಸ್ವಚ್ಛ ಮಾಡು ಎಂಬುದು ಅದರ ಸಾರಾಂಶವಾಗಿತ್ತು. ಗ್ರಾಹಕರಿಗೆ ಯಾವ ಹಾನಿಯೂ ಆಗಲಿಲ್ಲವೆಂದು ಅಮೆಜಾನ್ ತಿಳಿಸಿತು. ಆದರೆ ಅಳಿಸುವ ಅಧಿಕಾರವಿಲ್ಲದ ಲಾಗಿನ್‌ನಲ್ಲಿ ಕೂತ ಏಜೆಂಟಿಗೆ ಇಂಥ ಆದೇಶ ಸಾವಿರ ಬಂದರೂ ಒಂದೇ, ಬರದಿದ್ದರೂ ಒಂದೇ.

ಯಂತ್ರವನ್ನು ದೂರುವ ಮೊದಲು ನನ್ನದೇ ತಪ್ಪೊಂದನ್ನು ಹೇಳಿಕೊಳ್ಳುವುದು ನ್ಯಾಯ. ಇಪ್ಪತ್ತು ವರ್ಷಗಳ ಹಿಂದಿನ ಮಾತು, ಸಂಸ್ಥೆಯ ಹೆಸರು ಬೇಡ. ನನ್ನ ಮೇಜಿನ ಮೇಲಿನ ಪರದೆಯಲ್ಲಿ ಎರಡು ಕಪ್ಪು ವಿಂಡೋಗಳು ಪಕ್ಕಪಕ್ಕದಲ್ಲಿ ತೆರೆದಿದ್ದವು. ಎಡಗಡೆಯದು ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಪ್ರತಿ, ಬಲಗಡೆಯದು ಅಸಲು. ಠೇವಣಿದಾರರ ನಾಮಿನಿಗಳ ಟೇಬಲ್ಲಿನಿಂದ ಮೂರು ಸಾಲು ತೆಗೆಯಬೇಕಿತ್ತು. ಊಟದ ಹೊತ್ತು ಮೀರಿತ್ತು, ಯಾವ ಸಾಲುಗಳೆಂದು ಹೇಳುವ ಷರತ್ತಿನ ಭಾಗವನ್ನು ಬರೆಯುವ ಮೊದಲೇ ಎಂಟರ್ ಒತ್ತಿಬಿಟ್ಟೆ, ಅದೂ ಬಲಗಡೆಯ ವಿಂಡೋದಲ್ಲಿ. ಎರಡು ಕ್ಷಣ ಏನೂ ಆಗಲಿಲ್ಲ. ಆಮೇಲೆ ‘41,316 ಸಾಲುಗಳು ಅಳಿಸಲ್ಪಟ್ಟಿವೆ’ ಎಂಬರ್ಥದ ಒಂದು ಸಾಲು ಮೂಡಿತು. ಮೂರು ಎಂದು ಇರಬೇಕಾದಲ್ಲಿ ಆ ಸಂಖ್ಯೆಯನ್ನು ಕಂಡಾಗ ಕಿವಿ ಗುಂಯ್ ಅಂದದ್ದು ಈಗಲೂ ನೆನಪಿದೆ. ಒಂದೊಂದು ಕಮಾಂಡೂ ತಕ್ಷಣವೇ ಕಾಯಂ ಆಗುವಂತೆ ನಾನೇ ಹೊಂದಿಸಿಟ್ಟಿದ್ದರಿಂದ ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ. ಹಿಂದಿನ ರಾತ್ರಿಯ ಟೇಪಿನಿಂದ ಟೇಬಲ್ಲನ್ನು ಮರಳಿ ತಂದು, ಅಂದು ಬೆಳಗ್ಗೆಯಿಂದ ಬಂದಿದ್ದ ನಮೂನೆಗಳನ್ನು ಮೂವರು ಸಹೋದ್ಯೋಗಿಗಳು ಕೂತು ಮತ್ತೆ ಟೈಪು ಮಾಡಿ ಮುಗಿಸುವಾಗ ರಾತ್ರಿ ಒಂದು ಗಂಟೆ ದಾಟಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಬೈಯಲಿಲ್ಲ. ಮಾರನೆಯ ದಿನ ನನ್ನ ಲಾಗಿನ್‌ನಿಂದ ಅಳಿಸುವ ಹಕ್ಕನ್ನು ತೆಗೆದುಹಾಕಿದರು. ಅಳಿಸುವ ಕೆಲಸಕ್ಕೆಂದೇ ಬೇರೊಂದು ಲಾಗಿನ್ ಮಾಡಿ, ಅದರ ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು ತಮ್ಮ ಬೀರುವಿನಲ್ಲಿ ಇರಿಸಿಕೊಂಡರು. ಅಸಲು ಡೇಟಾಬೇಸಿನ ವಿಂಡೋಗೆ ಕೆಂಪು ಬಣ್ಣ ಬಳಿಸಿದರು. ಹತ್ತು ವರ್ಷ ಸರ್ವಿಸ್ ಆಗಿದ್ದ ನನಗೆ ಅದು ಅವಮಾನವೆನಿಸಿ, ಒಂದು ವಾರ ಅವರೊಡನೆ ಸರಿಯಾಗಿ ಮಾತನಾಡಲೂ ಇಲ್ಲ. ಆ ಲಕೋಟೆಯನ್ನು ನಾನು ಕೇಳಬೇಕಾಗಿ ಬಂದದ್ದು ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಎಂಬುದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ದಿನದ ಕೆಲಸಕ್ಕೆ ಬೇಕೇ ಇಲ್ಲದ ಅಧಿಕಾರವನ್ನು ಅಷ್ಟು ವರ್ಷ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ್ದೆ.

ಯಾವ ಕೆಲಸಕ್ಕೆ ಎಷ್ಟು ಅಧಿಕಾರ ಬೇಕೋ ಅಷ್ಟನ್ನೇ ಕೊಡಬೇಕೆಂಬ ಈ ತತ್ವವನ್ನು ಗಣಕ ವಿಜ್ಞಾನಿಗಳಾದ ಸಾಲ್ಟ್‌ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿಟ್ಟಿದ್ದಾರೆ. ದೊಡ್ಡ ಕಂಪನಿಗಳು ಅದನ್ನು ಪೆಟ್ಟು ತಿಂದು ಕಲಿತವು. 2017ರ ಜನವರಿ 31ರಂದು, ತಂತ್ರಾಂಶದ ಕೋಡ್ ಇಟ್ಟುಕೊಳ್ಳಲು ಜಾಗ ಒದಗಿಸುವ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಡರಾತ್ರಿಯವರೆಗೆ ಕೆಲಸ ಮಾಡುತ್ತಾ, ಒಂದು ಸರ್ವರಿನಲ್ಲಿ ಕೊಡಬೇಕಾದ ಅಳಿಸುವ ಕಮಾಂಡನ್ನು ಅದರ ಜೋಡಿ ಸರ್ವರಿನಲ್ಲಿ ಕೊಟ್ಟರು. ಕ್ಷಣದಲ್ಲೇ ತಪ್ಪಿನ ಅರಿವಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು ನಾಲ್ಕೂವರೆ ಗಿಗಾಬೈಟ್. ಬ್ಯಾಕಪ್ ಹುಡುಕಿದರೆ, ದಿನವೂ ಆಗುತ್ತಿದೆಯೆಂದು ಎಲ್ಲರೂ ನಂಬಿದ್ದ ಬ್ಯಾಕಪ್ಪು ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಲೇ ಇತ್ತು. ಅದು ವಿಫಲವಾಯಿತೆಂದು ತಿಳಿಸುವ ಮೇಲ್‌ಗಳು ಕೂಡ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಅದೇ ಎಂಜಿನಿಯರ್ ಬೇರೇನೋ ಕೆಲಸಕ್ಕಾಗಿ ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಪ್ರತಿ ಕೊನೆಗೆ ಕೈಹಿಡಿಯಿತು. ಗಿಟ್‌ಲ್ಯಾಬ್ ಈ ವಿವರಗಳನ್ನೆಲ್ಲ ಮುಚ್ಚಿಡದೆ ಪ್ರಕಟಿಸಿತು, ದುರಸ್ತಿ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು. ಆ ಪ್ರಾಮಾಣಿಕತೆಯನ್ನು ನಮ್ಮಲ್ಲಿ ಕಂಡದ್ದು ಕಡಿಮೆ.

ಅದಾಗಿ ಒಂದು ತಿಂಗಳೊಳಗೆ, ಫೆಬ್ರುವರಿ 28ರಂದು, ಗ್ರಾಹಕರ ಫೈಲುಗಳನ್ನು ಕ್ಲೌಡ್‌ನಲ್ಲಿ ಇಟ್ಟುಕೊಡುವ ಅಮೆಜಾನಿನ ಎಸ್‌3 ಸೇವೆ ಸುಮಾರು ನಾಲ್ಕು ಗಂಟೆ ಕುಸಿಯಿತು. ಕೆಲವು ಸರ್ವರುಗಳನ್ನು ಮಾತ್ರ ತೆಗೆಯಬೇಕಿದ್ದ ಕಮಾಂಡಿನಲ್ಲಿ ಒಂದು ವಿವರ ತಪ್ಪಾಗಿ, ಬೇಕಾದ್ದಕ್ಕಿಂತ ಬಹಳ ಹೆಚ್ಚು ಸರ್ವರುಗಳು ಹೋಗಿಬಿಟ್ಟಿದ್ದವು. ಆ ಸಲಕರಣೆ ಇನ್ನು ಮೇಲೆ ನಿಧಾನವಾಗಿ ಮಾತ್ರ ಸರ್ವರುಗಳನ್ನು ತೆಗೆಯುವಂತೆ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ಹೋಗುವ ಆದೇಶವನ್ನು ತಿರಸ್ಕರಿಸುವಂತೆ ಅಮೆಜಾನ್ ಅದನ್ನು ತಿದ್ದಿತು. ಇಂಥ ತಡೆಗಳು ಹೊಸವೇನಲ್ಲ. ಷರತ್ತಿಲ್ಲದ ಡಿಲೀಟನ್ನು ನಿರಾಕರಿಸುವ ಆಯ್ಕೆಯೊಂದು ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನಲ್ಲಿ ಬಹಳ ಕಾಲದಿಂದ ಇದೆ. ‘ಸೇಫ್ ಅಪ್‌ಡೇಟ್ಸ್’ ಎಂಬ ಗಂಭೀರ ಹೆಸರಿನ ಜೊತೆಗೆ ‘ಐ ಆ್ಯಮ್ ಎ ಡಮ್ಮಿ’, ಎಂದರೆ ‘ನಾನೊಬ್ಬ ಪೆದ್ದ’ ಎಂಬ ಹೆಸರಿನಿಂದಲೂ ಅದನ್ನು ಕರೆಯಬಹುದು. ನಾಮಿನಿ ಪ್ರಕರಣದ ಬಳಿಕ ನಾನು ಎಂದೂ ನಗದೆ ಇದ್ದ ತಮಾಷೆ ಇದೊಂದೇ.

ಅಳಿಸುವುದರ ಬಗ್ಗೆ ನಮ್ಮ ಹಳೆಯ ಲೆಡ್ಜರುಗಳಿಗೆ ಇದ್ದ ಶಿಸ್ತನ್ನು ಇಲ್ಲಿ ನೆನೆಯಬೇಕು. ಲೆಡ್ಜರಿನಲ್ಲಿ ತಪ್ಪು ಅಂಕಿ ಬಿದ್ದರೆ ಬ್ಲೇಡಿನಿಂದ ಕೆರೆಯುವಂತಿರಲಿಲ್ಲ, ಬಿಳಿ ಬಣ್ಣ ಹಚ್ಚುವಂತಿರಲಿಲ್ಲ. ಕೆಳಗಿನ ಅಂಕಿ ಓದುವಂತೆಯೇ ಒಂದು ಗೆರೆ ಎಳೆದು, ಮೇಲೆ ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಕಿರುಸಹಿ ಹಾಕಬೇಕಿತ್ತು. ಆಡಿಟರು ಬಂದಾಗ ಹೊಡೆದುಹಾಕಿದ ಅಂಕಿಯನ್ನೂ, ಹೊಡೆದುಹಾಕಿದವನನ್ನೂ ಆ ಪುಟವೇ ತೋರಿಸುತ್ತಿತ್ತು. ಜಮೀನಿನ ಖಾತೆ ಬದಲಾವಣೆಯಲ್ಲೂ ಇದೇ ವಿವೇಕವಿದೆ. ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೂ ಒಬ್ಬ ನೌಕರ ಕೂತಲ್ಲೇ ಹೆಸರು ಬದಲಿಸಿ ಎದ್ದುಹೋಗುವಂತೆ ಮಾಡಲಿಲ್ಲ. ಆಕ್ಷೇಪಣೆಗೆ ಅವಕಾಶ ಕೊಡುವ ನೋಟಿಸು, ಮೇಲಿನ ಅಧಿಕಾರಿಯ ಅನುಮೋದನೆ, ಬೆರಳಚ್ಚು ಕೊಟ್ಟು ಒಳಹೋಗುವ ವ್ಯವಸ್ಥೆ ಇವೆಲ್ಲ ಇದ್ದವು. ನಿಧಾನವೆಂದು ನಾವೆಲ್ಲ ಗೊಣಗಿದ್ದೇವೆ, ನಾನೂ ಗೊಣಗಿದ್ದೇನೆ. ಆದರೆ ಏಜೆಂಟಿಗೆ ‘ಅಳಿಸು’ ಎಂಬ ಸಲಕರಣೆಯ ಜಾಗದಲ್ಲಿ ‘ಹೊಡೆದುಹಾಕಿದ ಗುರುತು ಹಾಕು’ ಎಂಬ ಸಲಕರಣೆಯನ್ನು ಕೊಟ್ಟು, ನಿಜವಾದ ಅಳಿಸುವಿಕೆಯನ್ನು ಮೂವತ್ತು ದಿನದ ನಂತರ ಒಬ್ಬ ನೌಕರ ನೋಡಿ ಮಾಡುವಂತೆ ಇಟ್ಟರೆ ಅದು ಆ ಕಿರುಸಹಿಯ ಪದ್ಧತಿಯೇ.

ಇಲ್ಲೊಂದು ಎಚ್ಚರಿಕೆ ಬೇಕು. ವಿನಾಶಕಾರಿ ಸಲಕರಣೆಯೆಂದರೆ ಹೆಸರಿನಲ್ಲಿ ‘ಡಿಲೀಟ್’ ಇರುವುದು ಮಾತ್ರ ಎಂದುಕೊಂಡರೆ ಮೋಸಹೋಗುತ್ತೇವೆ. ಸಾವಿರಾರು ಸಾಲುಗಳಲ್ಲಿ ಒಂದು ಕಾಲಂ ಅನ್ನು ತಪ್ಪಾಗಿ ತಿದ್ದುವ ‘ಅಪ್‌ಡೇಟ್’ ಅಳಿಸುವಿಕೆಗಿಂತ ಕೆಟ್ಟದ್ದು. ಅಳಿಸಿದ್ದು ಇಲ್ಲವೆಂದು ಬೇಗ ಗೊತ್ತಾಗುತ್ತದೆ, ತಪ್ಪಾಗಿ ತಿದ್ದಿದ್ದು ಮಾತ್ರ ಸರಿಯಿದ್ದಂತೆಯೇ ಕಾಣುತ್ತಾ ತಿಂಗಳುಗಟ್ಟಲೆ ಬ್ಯಾಕಪ್ಪುಗಳಿಗೂ ಸೇರಿಕೊಳ್ಳುತ್ತದೆ. ಎಲ್ಲಕ್ಕಿಂತ ಅಪಾಯದ ಸಲಕರಣೆ ನೋಡಲು ಅತಿ ಸಾಧುವಾಗಿರುತ್ತದೆ: ‘ಯಾವ ಎಸ್‌ಕ್ಯೂಎಲ್ (ಡೇಟಾಬೇಸ್ ಭಾಷೆಯ) ಕಮಾಂಡ್ ಬೇಕಾದರೂ ಕೊಡು, ಓಡಿಸುತ್ತೇನೆ’ ಎನ್ನುವಂಥದ್ದು. ಅದೊಂದನ್ನು ಕೊಟ್ಟರೆ ಎಲ್ಲವನ್ನೂ ಕೊಟ್ಟಂತೆ. ಅದರ ಬದಲು ‘ಈ ಸದಸ್ಯರ ವಿಳಾಸ ಬದಲಿಸು’, ‘ಈ ಅರ್ಜಿಯ ಸ್ಥಿತಿ ತಿಳಿಸು’ ಎಂಬಂಥ, ಒಂದು ಸಲಕ್ಕೆ ಒಂದೇ ದಾಖಲೆಯನ್ನು ಮುಟ್ಟುವ ಸಣ್ಣಸಣ್ಣ ಸಲಕರಣೆಗಳನ್ನು ಮಾಡಿಕೊಡುವುದಕ್ಕೆ ಕೆಲವು ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಏಜೆಂಟ್‌ಗಳಿಗೆ ಸಲಕರಣೆಗಳನ್ನು ಜೋಡಿಸಲು ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಪದ್ಧತಿಯನ್ನು ಆಂಥ್ರೊಪಿಕ್ ಎಂಬ ಎಐ ಕಂಪನಿ 2024ರ ನವೆಂಬರಿನಲ್ಲಿ ಬಿಡುಗಡೆ ಮಾಡಿತು. ಮರುವರ್ಷದ ಆವೃತ್ತಿಯಲ್ಲಿ, ‘ಇದು ಓದುವುದು ಮಾತ್ರ’, ‘ಇದು ವಿನಾಶಕಾರಿ’ ಎಂಬ ಚೀಟಿಗಳನ್ನು ಸಲಕರಣೆಗಳಿಗೆ ಅಂಟಿಸುವ ಅವಕಾಶವನ್ನು ಕಲ್ಪಿಸಲಾಯಿತು. ಒಳ್ಳೆಯದೇ. ಆದರೆ ಇವು ಬರೀ ಸೂಚನೆಗಳು, ನಂಬಿಕೆಗೆ ಅರ್ಹವಲ್ಲದವರು ಒದಗಿಸಿದ ಸಲಕರಣೆಯ ಚೀಟಿಯನ್ನು ನಂಬಬಾರದು ಎಂದು ಆ ಪದ್ಧತಿಯ ನಿಯಮಗಳೇ ಹೇಳುತ್ತವೆ. ಅದನ್ನು ಓದದೆ, ಚೀಟಿ ಇದೆಯಲ್ಲ ಎಂದು ನೆಮ್ಮದಿಯಿಂದಿರುವ ಎಂಜಿನಿಯರುಗಳು ಇದ್ದಾರೆ.

‘ಪ್ರತಿ ಹೆಜ್ಜೆಗೂ ಮನುಷ್ಯರ ಅನುಮತಿ ಕೇಳುವಂತೆ ಮಾಡಿದ್ದೇವೆ’ ಎಂಬ ಸಮಾಧಾನದ ಮಾತನ್ನೂ ಪರೀಕ್ಷಿಸಬೇಕು. ದಿನಕ್ಕೆ ಇನ್ನೂರು ಸಲ ‘ಸಮ್ಮತಿಯೇ?’ ಎಂದು ಕೇಳಿದರೆ ಇಪ್ಪತ್ತೊಂದನೆಯ ಸಲಕ್ಕೆ ಓದುವುದು ನಿಂತು, ಬೆರಳು ತಾನಾಗಿಯೇ ‘ಹೂಂ’ ಒತ್ತುತ್ತದೆ. ರಾಶಿ ಫೈಲುಗಳಿಗೆ ಸಂಜೆ ಐದಕ್ಕೆ ಸಹಿ ಹಾಕಿದ ಯಾರಿಗಾದರೂ ಇದು ಗೊತ್ತು. ಓದುವ ಕೆಲಸಕ್ಕೆ ಕೇಳುವುದೇ ಬೇಡ. ಅಳಿಸುವ, ಸಾಮೂಹಿಕವಾಗಿ ತಿದ್ದುವ ಕೆಲಸಕ್ಕೆ ಮಾತ್ರ ಕೇಳಲಿ, ಆದರೆ ಕೇಳುವಾಗ ‘ಈ ಡೇಟಾಬೇಸು, ಈ ಟೇಬಲ್ಲು, ಇಷ್ಟು ಸಾಲುಗಳು’ ಎಂದು ಎಣಿಸಿ ತೋರಿಸಲಿ. ಆ ಎಣಿಕೆಯನ್ನು ಡೇಟಾಬೇಸೇ ಕೊಡಬೇಕು, ಏಜೆಂಟಿನ ವಿವರಣೆಯಿಂದ ತೆಗೆದುಕೊಳ್ಳಬಾರದು. ಅಂದು 41,316 ಎಂಬ ಅಂಕಿ ನನಗೆ ಎಂಟರ್ ಒತ್ತುವ ಮೊದಲೇ ಕಂಡಿದ್ದರೆ ನಾನು ಒತ್ತುತ್ತಿರಲಿಲ್ಲ.

ಬ್ಯಾಕಪ್ಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಏಜೆಂಟಿನ ಲಾಗಿನ್‌ಗೆ ಅದು ಕಾಣಲೂಬಾರದು, ಮತ್ತು ಮೂರು ತಿಂಗಳಿಗೊಮ್ಮೆಯಾದರೂ ಅದನ್ನು ಬೇರೊಂದು ಯಂತ್ರದಲ್ಲಿ ಮರಳಿ ಕಟ್ಟಿ ನೋಡಬೇಕು.

ಕಾನೂನಿನ ದೃಷ್ಟಿಯಿಂದಲೂ ಇದು ಸಣ್ಣ ಸಂಗತಿಯಲ್ಲ. ಮಾಹಿತಿ ಸೋರಿಕೆಯಾದರೆ ಮಾತ್ರ ತಪ್ಪು, ಅಳಿಸಿಹೋದರೆ ನಮ್ಮ ನಷ್ಟ ನಮಗೆ ಎಂಬ ಭಾವನೆ ಅನೇಕ ಕಚೇರಿಗಳಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಖ್ಯಾನದಲ್ಲಿ, ವೈಯಕ್ತಿಕ ದತ್ತಾಂಶ ಆಕಸ್ಮಿಕವಾಗಿ ಬದಲಾಗುವುದೂ ನಾಶವಾಗುವುದೂ ಕೈಗೆ ಸಿಗದಂತಾಗುವುದೂ ಉಲ್ಲಂಘನೆಯ ಪಟ್ಟಿಯಲ್ಲೇ ಬರುತ್ತವೆ. ಸೂಕ್ತ ರಕ್ಷಣಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ‘ಅಳಿಸಿದ್ದು ನಾವಲ್ಲ, ಏಜೆಂಟ್’ ಎಂಬ ಉತ್ತರಕ್ಕೆ ಆ ಕಾಯ್ದೆಯಲ್ಲಿ ಜಾಗವಿರುವಂತೆ ನನಗೆ ಕಾಣುವುದಿಲ್ಲ. ಆದ್ದರಿಂದ ಸರ್ಕಾರಿ ಇಲಾಖೆಗಳು, ಸಹಕಾರಿ ಸಂಘಗಳು, ಆಸ್ಪತ್ರೆಗಳು ಎಐ ಏಜೆಂಟ್ ಖರೀದಿಗೆ ಟೆಂಡರ್ ಕರೆಯುವಾಗ ಅದು ಬಳಸುವ ಲಾಗಿನ್‌ನ ಅಧಿಕಾರಗಳ ಪಟ್ಟಿಯನ್ನು ಲಿಖಿತವಾಗಿ ಕೇಳಬೇಕು; ಆ ಲಾಗಿನ್ ನೌಕರರ ಲಾಗಿನ್ ಆಗಿರದೆ ಏಜೆಂಟಿಗೇ ಪ್ರತ್ಯೇಕವಾಗಿರಬೇಕು. ಇಲ್ಲವಾದರೆ ನಾಳೆ ಲಾಗ್, ಅಂದರೆ ಯಾರು ಏನು ಮಾಡಿದರೆಂಬ ದಾಖಲೆ, ತೆಗೆದು ನೋಡಿದಾಗ ಯಂತ್ರ ಮಾಡಿದ ಕೆಲಸದ ಎದುರು ಯಾವನೋ ಬಡ ಗುಮಾಸ್ತನ ಹೆಸರು ಇರುತ್ತದೆ.

ಕಳೆದ ತಿಂಗಳು ಬೆಂಗಳೂರಿನಲ್ಲಿ ನನ್ನ ಅಣ್ಣನ ಮಗ ತನ್ನ ಸಣ್ಣ ಕಂಪನಿಯ ಏಜೆಂಟನ್ನು ಹೆಮ್ಮೆಯಿಂದ ತೋರಿಸಿದ. ಯಾವ ಲಾಗಿನ್ ಎಂದು ಕೇಳಿದೆ. ಅಡ್ಮಿನ್, ಅಂದರೆ ಎಲ್ಲ ಅಧಿಕಾರವೂ ಇರುವ ಲಾಗಿನ್, ಎಂದ. ‘ಚಿಕ್ಕಪ್ಪ, ಅದು ಹಾಗೆಲ್ಲ ಅಳಿಸುವುದಿಲ್ಲ, ಬೇಡ ಎಂದು ಹೇಳಿಟ್ಟಿದ್ದೇನೆ’ ಎಂದ. ಇಬ್ಬರೂ ಕೂತು ಪರೀಕ್ಷೆಗೆಂದು ಮಾಡಿಕೊಂಡ ಒಂದು ಪ್ರತಿಯಲ್ಲಿ, ಓದಲು ಮಾತ್ರ ಅವಕಾಶವಿರುವ ಹೊಸ ಲಾಗಿನ್ ಮಾಡಿ ಏಜೆಂಟಿಗೆ ಕೊಟ್ಟೆವು. ಕಾಫಿ ಆರುವಷ್ಟರಲ್ಲಿ ಆ ಕೆಲಸ ಮುಗಿಯಿತು. ಆಮೇಲೆ, ಹಳೆಯ ಆರ್ಡರುಗಳನ್ನೆಲ್ಲ ತೆಗೆದು ಟೇಬಲ್ಲನ್ನು ಚೊಕ್ಕ ಮಾಡು ಎಂದು ಅದಕ್ಕೆ ಹೇಳಿದೆವು. ಡೇಟಾಬೇಸು ಅನುಮತಿ ಇಲ್ಲವೆಂದಿತು. ಏಜೆಂಟ್ ನಿಲ್ಲಲಿಲ್ಲ, ‘ಬೇರೆ ದಾರಿ ಇದೆಯೇ ನೋಡುತ್ತೇನೆ’ ಎಂದು ಬರೆದು, ಅದೇ ಫೋಲ್ಡರಿನಲ್ಲಿ ಹುಡುಕಾಡಿ, ಹಳೆಯ ಅಡ್ಮಿನ್ ಪಾಸ್‌ವರ್ಡ್ ಇದ್ದ ಫೈಲನ್ನು ತೆರೆಯಿತು. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ, ಕೊಟ್ಟ ಕೆಲಸ ಮುಗಿಸುವ ಉತ್ಸಾಹವಷ್ಟೆ. ಹುಡುಗ ಕಾಫಿ ಲೋಟ ಕೆಳಗಿಟ್ಟು ಅದನ್ನು ನಿಲ್ಲಿಸಿದ. ಆ ಫೈಲು ಅಂದು ರಾತ್ರಿಯೇ ಆ ಯಂತ್ರದಿಂದ ಹೊರಗೆ ಹೋಯಿತು, ಅಡ್ಮಿನ್ ಪಾಸ್‌ವರ್ಡೂ ಬದಲಾಯಿತು.

ತಮ್ಮ ವಿಶ್ವಾಸಿ,
ನಿವೃತ್ತ ಡೇಟಾಬೇಸ್ ನಿರ್ವಾಹಕ
ಮೈಸೂರು